ಮೂರನೆಯ ಪ್ರಶ್ನೆ ಕೇಳುವವರು ಯಾರು?

ಇತ್ತೀಚಿನ ವರ್ಷಗಳಲ್ಲಿ ಥಾಣೆಯಿಂದ ಕಲ್ಯಾಣದವರೆಗೆ, ಅತ್ತ ಐರೋಲಿಯಿಂದ ಬೇಲಾಪುರದವರೆಗೆ ಹಬ್ಬಿರುವ ನಮ್ಮ ಕನ್ನಡ ಸಂಘಗಳ ಆಮಂತ್ರಣ ಪತ್ರಿಕೆಗಳಲ್ಲಿ ಹೊಸದೊಂದು ಕಾರ್ಯಕ್ರಮ ಕಾಣಿಸಿಕೊಂಡಿದೆ: ‘ಮಾನಸಿಕ ಆರೋಗ್ಯ ಜಾಗೃತಿ’. ದೀಪ ಬೆಳಗುತ್ತದೆ, ಪ್ರಾರ್ಥನೆಯಾಗುತ್ತದೆ, ತಜ್ಞವೈದ್ಯರೊಬ್ಬರು ಮುಕ್ಕಾಲು ಗಂಟೆ ಮಾತನಾಡಿ ಶಾಲು ಹೊದಿಸಿಕೊಂಡು ಹೊರಡುತ್ತಾರೆ, ಉಪಾಹಾರದೊಂದಿಗೆ ಸಭೆ ಮುಗಿಯುತ್ತದೆ. ಸಭೆಯಲ್ಲಿ ಕುಳಿತವರು ನಮ್ಮಂಥವರೇ: ನಿವೃತ್ತರು, ನಿವೃತ್ತಿಯ ಹೊಸ್ತಿಲಲ್ಲಿರುವವರು, ಅವರ ಮನೆಮಂದಿ. ಯಾರಿಗಾಗಿ ಈ ಜಾಗೃತಿಯೋ ಆ ಹೋಟೆಲ್ ಹುಡುಗ, ಆ ಗೌಂಡಿ, ಆ ಮನೆಗೆಲಸದ ಹೆಂಗಸು ಆ ಹೊತ್ತಿನಲ್ಲಿ ದುಡಿಯುತ್ತಿರುತ್ತಾರೆ.

ಸರಕಾರ ಮಾಡುತ್ತಿರುವುದೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ಆರೋಗ್ಯ ಕಾರ್ಯಕರ್ತೆಯರನ್ನು ಒಂದು ದಿನ ಕೂಡಿಹಾಕಿ ಮನೋರೋಗಗಳ ಹೆಸರುಗಳನ್ನು ಹೇಳಿ, ಹಾಜರಿ ಪಟ್ಟಿಗೆ ಸಹಿ ಹಾಕಿಸಿ, ಪ್ರಮಾಣಪತ್ರ ಕೊಟ್ಟು ಕಳಿಸುವ ತರಬೇತಿಯನ್ನು ನಾನು ಕಂಡಿದ್ದೇನೆ. ಮನಸ್ಸಿನ ಕಾಯಿಲೆಯ ಆರೈಕೆಯಲ್ಲಿ ಮೊದಲ ಮೆಟ್ಟಿಲನ್ನು ತಜ್ಞರಲ್ಲದವರೂ ಹತ್ತಿಸಬಲ್ಲರೆಂಬುದು ಇಂದು ಜಗತ್ತು ಒಪ್ಪಿರುವ ಮಾತು. ಅದನ್ನು ಮಾಡಿ ತೋರಿಸಿದ ಮೊದಮೊದಲ ನೆಲಗಳಲ್ಲಿ ಕನ್ನಡ ನೆಲವೂ ಒಂದು. ಆ ಪಾಠವನ್ನು ಪ್ರಭುತ್ವ ಒಂದು ನಮೂನೆಗೆ ಇಳಿಸಿದೆ. ನಾವು ಒಂದು ಉಪನ್ಯಾಸಕ್ಕೆ ಇಳಿಸಿದ್ದೇವೆ. ಇಬ್ಬರ ಮೇಲೂ ನನ್ನ ತಕರಾರಿದೆ.

*

ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಪಾತ್ರೆ ತೊಳೆಯಲು ಬರುತ್ತಿದ್ದ ವಿಜಯಪುರ ಜಿಲ್ಲೆಯ ಹೆಣ್ಣುಮಗಳೊಬ್ಬಳು ದಿನದಿನಕ್ಕೆ ಸೊರಗುತ್ತಿದ್ದಳು. ಗಂಡ ಗೌಂಡಿ. ಆಕೆಗೆ ಮರಾಠಿ ಅಷ್ಟಕ್ಕಷ್ಟೆ. ಪತ್ನಿಯ ಒತ್ತಾಯಕ್ಕೆ ನಾನು ದುಭಾಷಿಯಾಗಿ ಆಕೆಯೊಂದಿಗೆ ದವಾಖಾನೆಗೆ ಹೋದೆ. ಸರದಿಯಲ್ಲಿ ನೂರು ಜನ. ಏನಾಗುತ್ತದೆಂದು ಡಾಕ್ಟರರು ಕೇಳಿದಾಗ ಆಕೆ ನನ್ನ ಕಡೆ ತಿರುಗಿ, “ಎದಿ ಮ್ಯಾಲ ಕಲ್ಲ ಇಟ್ಟಂಗ ಆಗ್ತೈತ್ರಿ ಸಾಹೇಬ್ರ. ರಾತ್ರಿ ನಿದ್ದಿ ಇಲ್ಲ. ಜೀವಾನ ಬ್ಯಾಸರಾಗೇತಿ” ಎಂದಳು. ನಾನು ಉಡುಪಿಯ ಕಡೆಯವನು. ನನ್ನ ಕನ್ನಡದಲ್ಲಿ ಬೇಸರವೆಂದರೆ ಹೊತ್ತು ಹೋಗದಿರುವುದು, ಹೆಚ್ಚೆಂದರೆ ಸಣ್ಣದೊಂದು ಮನಸ್ತಾಪ. “ಕಂಟಾಳಾ ಆಲಾಯ್” ಎಂದು ಮರಾಠಿಗೆ ತಿರುಗಿಸಿದೆ. “ಕಂಟಾಳಾ ಕೋಣಾಲಾ ಯೇತ ನಾಹೀ?” ಎಂದು ನಕ್ಕ ಡಾಕ್ಟರರು ಎದೆಯುರಿಗೊಂದು, ಶಕ್ತಿಗೊಂದು ಗುಳಿಗೆ ಬರೆದುಕೊಟ್ಟರು. ಮೂರು ವಾರಗಳ ನಂತರ ಆಕೆ ಪ್ರಾಣ ಕಳೆದುಕೊಳ್ಳಲು ಹೊರಟಳು. ಚಾಳಿನ ನೆರೆಹೊರೆಯವರು ಕಂಡು ಉಳಿಸಿದರು. ಮುಂದೆ ಸರಿಯಾದ ಚಿಕಿತ್ಸೆ ಸಿಕ್ಕಿ ಆಕೆ ಚೇತರಿಸಿಕೊಂಡಳೆಂಬುದು ನನ್ನ ಪುಣ್ಯ.

ಡಾಕ್ಟರರನ್ನು ನಾನು ದೂರುವುದಿಲ್ಲ. ಅವರಿಗೆ ತಲುಪಿದ್ದು ನನ್ನ ಮಾತು. ಸ್ನಾತಕೋತ್ತರ ಪದವಿ, ಕೇಂದ್ರ ಸರಕಾರದ ಸೇವೆಯಲ್ಲಿ ಸವೆದ ದಶಕಗಳು, ನಾಲ್ಕು ಭಾಷೆಗಳ ಬಳಕೆ ಇವೆಲ್ಲ ಇದ್ದ ನನಗೆ ಇಲ್ಲದೆ ಹೋದದ್ದು ಒಂದೇ: “ಬದುಕೋದೇ ಬ್ಯಾಡ ಅಂತ ಅನ್ನಿಸ್ತೈತೇನವ್ವಾ?” ಎಂಬ ಮುಂದಿನ ಪ್ರಶ್ನೆ. ಅದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ನಾನು ಕೇಳುತ್ತಿರಲಿಲ್ಲ. ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ಆಕೆಯ ತಲೆಗೆ ಹಾಕಿದಂತಾದೀತೆಂದು ಹೆದರುತ್ತಿದ್ದೆ. ಸಾವಿನ ಯೋಚನೆಯ ಬಗ್ಗೆ ಮೃದುವಾಗಿ, ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ವೇಳೆ ಹೇಳಿಕೊಂಡವರ ಭಾರ ಇಳಿಯುತ್ತದೆ ಎಂಬುದು ಈ ಕ್ಷೇತ್ರದ ಆರಂಭದ ಪಾಠಗಳಲ್ಲಿ ಒಂದು. ಸರಿಯಾಗಿ ತರಬೇತಿ ಪಡೆದ, ಏಳನೆಯ ಇಯತ್ತೆ ಓದಿದ ಅದೇ ಚಾಳಿನ ಹೆಂಗಸೊಬ್ಬಳಿಗೆ ಅದು ತಿಳಿದಿರುತ್ತಿತ್ತು. ‘ಜೀವಾನ ಬ್ಯಾಸರ’ ಎಂದರೇನೆಂಬುದಂತೂ ಯಾವ ತರಬೇತಿಯೂ ಇಲ್ಲದೆ ಆಕೆಗೆ ಗೊತ್ತಿರುತ್ತಿತ್ತು.

ಇದು ಒಬ್ಬಳ ಕಥೆಯೆಂದು ತಳ್ಳಿಹಾಕುವಂತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಈ ದೇಶದಲ್ಲಿ 1,70,924 ಜನ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ರಾಜ್ಯಗಳ ಪೈಕಿ 22,746 ಸಾವುಗಳೊಂದಿಗೆ ಮಹಾರಾಷ್ಟ್ರ ಮೊದಲನೆಯದು. 13,606 ಸಾವುಗಳೊಂದಿಗೆ ಕರ್ನಾಟಕ ನಾಲ್ಕನೆಯದು. ಹೀಗೆ ಸತ್ತವರಲ್ಲಿ ಕಾಲುಭಾಗಕ್ಕೂ ಮಿಕ್ಕವರು ದಿನಗೂಲಿಗಳು. ಹೊರಟ ನೆಲವೂ ಸೇರಿದ ನೆಲವೂ ಇಂಥದ್ದಾಗಿರುವ ಕನ್ನಡ ಕೂಲಿಗೆ ಇದಕ್ಕಿಂತ ಹತ್ತಿರದ ಸಮಸ್ಯೆ ಯಾವುದು?

*

ಈಗ ನಮ್ಮವರೇ ಮರೆತಿರುವ ಚರಿತ್ರೆಗೆ ಬರೋಣ. ಜಿ. ಎಂ. ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಅಂದಿನ ದಕ್ಷಿಣ ಕನ್ನಡದ ಕೋಟಕ್ಕೆ ಬಂದು, ಅಲ್ಲಿನ ಬ್ರಾಹ್ಮಣ, ಬಂಟ, ಮೊಗೇರ ಮನೆಗಳಲ್ಲಿ ಮನಸ್ಸಿನ ನೋವಿನ ಲೆಕ್ಕ ತೆಗೆದರು. 1976ರಲ್ಲಿ ಹೊರಬಂದ ಅವರ ಪುಸ್ತಕದ ಹೆಸರು ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’. ಶಿವರಾಮ ಕಾರಂತರ ಹುಟ್ಟೂರಾದ ಆ ಕೋಟದಿಂದ, ಅದರ ಆಸುಪಾಸಿನಿಂದ ಬಂದವರ ಮಕ್ಕಳು, ಮೊಮ್ಮಕ್ಕಳು ಇಂದು ಥಾಣೆ, ಡೊಂಬಿವಲಿಗಳ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಜಗತ್ತಿನ ಮನೋವೈದ್ಯರು ಓದಿದ ಆ ಪುಸ್ತಕದ ಹೆಸರನ್ನು ನಮ್ಮ ಯಾವ ವೇದಿಕೆಯ ಮೇಲೂ ನಾನು ಕೇಳಿಲ್ಲ.

1974ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇಂದಿನ ರೂಪ ಪಡೆಯಿತು. ಆಸ್ಪತ್ರೆಯ ಗೋಡೆಯೊಳಗೆ ಕುಳಿತು ಹಳ್ಳಿಗಳ ರೋಗಿಗಳನ್ನು ಮುಟ್ಟಲಾಗದೆಂದು ಅರಿತ ಅಲ್ಲಿನ ವೈದ್ಯರು ಮರುವರ್ಷವೇ ಸಮುದಾಯ ಮನೋವೈದ್ಯ ವಿಭಾಗವನ್ನು ಆರಂಭಿಸಿದರು. ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೊಂದು ನಿಂತಿತು. ಮಲೇರಿಯಾ, ಕುಟುಂಬ ಯೋಜನೆಗಳಿಗಾಗಿ ಮನೆಮನೆ ಸುತ್ತುತ್ತಿದ್ದ ಆರೋಗ್ಯ ಕಾರ್ಯಕರ್ತರಿಗೇ ಅಪಸ್ಮಾರ, ಚಿತ್ತವಿಕಲತೆ, ಖಿನ್ನತೆಗಳನ್ನು ಗುರುತಿಸಲು ಕಲಿಸಲಾಯಿತು. 1982ರ ಆಗಸ್ಟಿನಲ್ಲಿ ದೇಶ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಒಪ್ಪಿಕೊಂಡಿತು. ಅದನ್ನು ಒಂದಿಡೀ ಜಿಲ್ಲೆಯಲ್ಲಿ ನಡೆಸಿ ನೋಡಲು 1985ರಿಂದ 1990ರವರೆಗೆ ಆರಿಸಿಕೊಂಡದ್ದು ಬಳ್ಳಾರಿಯನ್ನು. 1996ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ ‘ಬಳ್ಳಾರಿ ಮಾದರಿ’ಯೇ. ಇದೇ ಪರಂಪರೆಯ ಡಾ. ಸಿ. ಆರ್. ಚಂದ್ರಶೇಖರ್ ನೂರಕ್ಕೂ ಹೆಚ್ಚು ಪುಸ್ತಕಗಳ ಮೂಲಕ ಮನಸ್ಸಿನ ಕಾಯಿಲೆಗಳ ತಿಳಿವಳಿಕೆಯನ್ನು ಸರಳ ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದರು.

ಬಳ್ಳಾರಿಯಲ್ಲಿ ತರಬೇತಿ ಒಂಟಿಯಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕಾರ್ಯಕರ್ತ ಗುರುತಿಸಿದ ರೋಗಿಯನ್ನು ನೋಡಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತರಬೇತಾದ ವೈದ್ಯನಿದ್ದ. ಆ ವೈದ್ಯನ ಬಳಿ ಅಗತ್ಯದ ಕೆಲವೇ ಔಷಧಿಗಳಿದ್ದವು. ಸರಳವಾದ ದಾಖಲೆಯಿತ್ತು, ರೋಗಿ ಬಾರದಿದ್ದರೆ ಕಾರ್ಯಕರ್ತ ಮನೆಗೆ ಹೋಗಿ ವಿಚಾರಿಸುತ್ತಿದ್ದ. ಇವರೆಲ್ಲರ ಬೆನ್ನಿಗೆ ಜಿಲ್ಲಾ ಮಟ್ಟದ ಮನೋವೈದ್ಯ ತಂಡವಿತ್ತು. ಮುಂದೆ ದೇಶಕ್ಕೆಲ್ಲ ಹಂಚುವಾಗ ಉಳಿದದ್ದು ತರಬೇತಿಯ ದಿನ, ಸೋರಿಹೋದದ್ದು ಮಿಕ್ಕಿದ್ದೆಲ್ಲ. ಮನೋವೈದ್ಯನ ಹುದ್ದೆ ಖಾಲಿ, ಔಷಧಿಯ ಕಪಾಟು ಖಾಲಿ, ಮಂಜೂರಾದ ಹಣ ಖರ್ಚಾಗದೆ ವಾಪಸು ಎಂಬುದು ಎಷ್ಟೋ ಜಿಲ್ಲೆಗಳ ಕಥೆಯಾಯಿತು.

ಕಡತಗಳ ನಡುವೆ ಬಾಳಿದ ನನಗೆ ಇದರ ಒಳಗುಟ್ಟು ಗೊತ್ತು. ‘ತರಬೇತಿ ಪಡೆದವರ ಸಂಖ್ಯೆ’ ಎಂಬ ಅಂಕಣವನ್ನು ತುಂಬುವುದು ಸುಲಭ; ಅದು ತುಂಬಿದರೆ ಹಣ ಬಳಕೆಯ ಪ್ರಮಾಣಪತ್ರ ಸಿದ್ಧವಾಗುತ್ತದೆ. ತರಬೇತಿಯಾದ ಆರನೆಯ ತಿಂಗಳಿನಲ್ಲಿ ಆಕೆ ಎಷ್ಟು ಮನೆಗಳ ಕದ ತಟ್ಟಿದಳು, ಎದುರಾದ ತೊಡಕನ್ನು ಯಾರೊಡನೆ ಹೇಳಿಕೊಂಡಳು ಎಂದು ಕೇಳುವ ಅಂಕಣ ನಾನು ಕಂಡ ಯಾವ ನಮೂನೆಯಲ್ಲೂ ಇರಲಿಲ್ಲ.

*

ನಮೂನೆಯ ಮಾತು ಬಂತು. ಆಶಾ ಕಾರ್ಯಕರ್ತೆ ಮನೆಮನೆಯಲ್ಲಿ ತುಂಬುವ ಸಮುದಾಯ ಆಧಾರಿತ ತಪಾಸಣಾ ಪಟ್ಟಿಯಲ್ಲಿ ಮಧುಮೇಹ, ರಕ್ತದೊತ್ತಡ, ಕ್ಯಾನ್ಸರ್‌ಗಳ ಜೊತೆಗೆ ಮನಸ್ಸಿಗೆ ಸಂಬಂಧಿಸಿದ ಎರಡು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಕೆಲಸಕಾರ್ಯಗಳಲ್ಲಿ ಆಸಕ್ತಿ ಕುಂದಿತ್ತೆ? ಮನಸ್ಸು ಕುಗ್ಗಿ ಭರವಸೆ ಕಳೆದುಕೊಂಡಂತಾಗಿತ್ತೆ? ಉತ್ತರಕ್ಕೆ ಅಂಕ ಕೊಟ್ಟು ಕೂಡಿಸಿ, ಮಿತಿ ಮೀರಿದರೆ ಮೇಲಕ್ಕೆ ಕಳಿಸಬೇಕು. ಪ್ರಶ್ನೆಗಳು ತಪ್ಪಲ್ಲ, ಶಾಸ್ತ್ರೀಯವಾದವೇ. ಆದರೆ ಈ ಪಟ್ಟಿ 30 ವರ್ಷ ದಾಟಿದವರಿಗೆ. ತುರ್ಭೆಯ ಕಲ್ಲುಗಣಿಯಲ್ಲಿ ಕಲ್ಲೊಡೆಯುವ 22ರ ವಡ್ಡರ ಸೊಸೆ, ಕಲ್ಯಾಣದ ಹೋಟೆಲಿನ ಮಾಳಿಗೆಯಲ್ಲಿ ಮಲಗುವ 19ರ ಹುಡುಗ ಅದರ ಲೆಕ್ಕಕ್ಕೇ ಬರುವುದಿಲ್ಲ. ಬಂದರೂ ಮರಾಠಿಯಲ್ಲಿ ಕೇಳಿದ ‘ಭರವಸೆ’ಯ ಪ್ರಶ್ನೆಗೆ ಆಕೆ ತಲೆಯಲ್ಲಾಡಿಸಿದರೆ ಅದು ಹೌದೋ ಅಲ್ಲವೋ? ಆ ಎರಡು ಪ್ರಶ್ನೆಗಳಾದ ಮೇಲೆ, ಕಾಗದ ಕೆಳಗಿಟ್ಟು ಪಕ್ಕದಲ್ಲಿ ಕುಳಿತು ಕೇಳಬೇಕಾದ ಮೂರನೆಯ ಪ್ರಶ್ನೆಯೊಂದಿದೆ. ತರಬೇತಿ ಎಂಬ ಮಾತಿಗೆ ಅರ್ಥವಿರುವುದು ಅಲ್ಲಿ. ನಮೂನೆಯಲ್ಲಿರುವುದನ್ನು ಓದಿ ಹೇಳಲು ತರಬೇತಿ ಏಕೆ ಬೇಕು?

ಪ್ರಭುತ್ವದ ಇನ್ನೊಂದು ಉತ್ತರ ದೂರವಾಣಿ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡವೂ ಸೇರಿ 20 ಭಾಷೆಗಳಲ್ಲಿ ಸಹಾಯ ದೊರೆಯುವ ವ್ಯವಸ್ಥೆಯಿದೆ. ಇದು ಸ್ವಾಗತಾರ್ಹ. ಆದರೆ ಫೋನು ಎತ್ತಿಕೊಳ್ಳುವ ಶಕ್ತಿ ಉಳಿದವನಿಗಷ್ಟೇ ಫೋನು. ಹಾಸಿಗೆಯಿಂದ ಏಳಲಾರದವನ ಕದವನ್ನು ಅದು ತಟ್ಟಲಾರದು.

*

ತಜ್ಞರ ಆಕ್ಷೇಪ ಪರಿಚಿತವಾದದ್ದು: ಅರೆಬರೆ ತಿಳಿವಳಿಕೆ ಅಪಾಯಕಾರಿ, ಮನಸ್ಸಿನ ವಿಷಯವನ್ನು ವೈದ್ಯರಿಗೇ ಬಿಡಿ. ಇದರಲ್ಲಿ ಸತ್ಯವಿಲ್ಲದಿಲ್ಲ. ಚಿತ್ತವಿಕಲತೆಗೆ ಸಾಂತ್ವನ ಮಾತ್ರ ಹೇಳಿ ಕಾಲ ಕಳೆಯುವ ಅಪಾಯವಿದೆ. ಅದಕ್ಕಿಂತ ದೊಡ್ಡದು ಗುಟ್ಟು ರಟ್ಟಾಗುವ ಅಪಾಯ. ಚಾಳಿನಲ್ಲಿ ಒಂದು ಮನೆಯ ಮಾತು ಸಂಜೆಯೊಳಗೆ ನಲ್ಲಿಯ ಬಳಿ ಬಂದಿರುತ್ತದೆ. ನಮ್ಮ ಜಾತಿ ಸಂಘಗಳಲ್ಲಿ ಅದು ಊರಿಗೂ ತಲುಪಿ ನಿಶ್ಚಿತಾರ್ಥ ಮುರಿಯುತ್ತದೆ. ಬಾಯಿ ಬಿಗಿಹಿಡಿಯಲು ಕಲಿಸದ ತರಬೇತಿ ತರಬೇತಿಯೇ ಅಲ್ಲ. ಇಷ್ಟನ್ನು ಒಪ್ಪಿಕೊಂಡು ಕೇಳುತ್ತೇನೆ: ವೈದ್ಯರಿಗೇ ಬಿಡಿ ಎನ್ನುವವರು ಆ ವೈದ್ಯರನ್ನು ಎಲ್ಲಿಂದ ತರುತ್ತಾರೆ? ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ಬೇರೆ ಬೇರೆ ಮನೋರೋಗಗಳಲ್ಲಿ ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅದರ 12 ರಾಜ್ಯಗಳ ಪಟ್ಟಿಯಲ್ಲಿ ಮಹಾರಾಷ್ಟ್ರವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ. ನಮ್ಮದು ಎಣಿಕೆಗೂ ಬಾರದ ನೋವು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ತಜ್ಞರ ಸಂಖ್ಯೆಯನ್ನು ಅಂತರರಾಷ್ಟ್ರೀಯ ಮಾನದಂಡಕ್ಕೆ ಏರಿಸಲು ಹತ್ತು ವರ್ಷಗಳೊಳಗೆ ಪ್ರಯತ್ನಿಸಬೇಕೆನ್ನುತ್ತದೆ. ಆ ಅವಧಿ ತೀರುವುದು 2028ರ ಮೇ ತಿಂಗಳಿನಲ್ಲಿ. ‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆಯಂತೆ, ತಜ್ಞರು ಬರುವವರೆಗೆ ಕಾರ್ಯಕ್ರಮವಿಲ್ಲ, ಕಾರ್ಯಕ್ರಮವಿಲ್ಲದೆ ತಜ್ಞರು ಬರುವುದಿಲ್ಲ.

ನೆರೆಯ ಗೋವೆಯನ್ನು ನೋಡಿ. ವಿಕ್ರಮ್ ಪಟೇಲ್ ಮತ್ತು ‘ಸಂಗಾತ್’ ಸಂಸ್ಥೆಯವರು 24 ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿ ನಡೆಸಿದ ‘ಮಾನಸ್’ ಪ್ರಯೋಗದ ಫಲಿತಾಂಶ 2010ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವೈದ್ಯಕೀಯ ಹಿನ್ನೆಲೆಯಿಲ್ಲದ ಸ್ಥಳೀಯರಿಗೆ ಸುಮಾರು ಎರಡು ತಿಂಗಳು ತರಬೇತಿ ಕೊಟ್ಟು ಆಪ್ತಸಲಹೆಗೆ ಕೂರಿಸಿದ್ದರು. ಸರಕಾರಿ ಕೇಂದ್ರಗಳಲ್ಲಿ, ಖಿನ್ನತೆ ಅಥವಾ ಆತಂಕವಿದೆಯೆಂದು ದೃಢಪಟ್ಟವರ ಪೈಕಿ ಇವರ ನೆರವು ದೊರೆತವರಲ್ಲಿ ಆರು ತಿಂಗಳ ಹೊತ್ತಿಗೆ ನೂರಕ್ಕೆ 66ರಷ್ಟು ಜನ ಚೇತರಿಸಿಕೊಂಡಿದ್ದರು. ದೊರೆಯದವರಲ್ಲಿ ನೂರಕ್ಕೆ 42ರಷ್ಟು ಮಾತ್ರ. ಆದರೆ ಅಲ್ಲಿಯೂ ಗಮನಿಸಬೇಕಾದದ್ದು, ಆ ಸಲಹೆಗಾರರ ಬೆನ್ನಿಗೆ ಒಬ್ಬ ಮನೋವೈದ್ಯನಿದ್ದ. ಜಿಂಬಾಬ್ವೆಯ ಡಿಕ್ಸನ್ ಚಿಬಾಂಡ 2006ರಲ್ಲಿ ಹರಾರೆಯಲ್ಲಿ ಅಜ್ಜಿಯರನ್ನೇ ತರಬೇತುಗೊಳಿಸಿ ದವಾಖಾನೆಯ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ‘ಸ್ನೇಹದ ಬೆಂಚು’ ಎಂದೇ ಅದು ಹೆಸರಾಯಿತು. ಅವರು ಬಂದವರಿಗೆ ಖಿನ್ನತೆ ಎಂಬ ಪದವನ್ನು ಕಲಿಸಲು ಹೋಗಲಿಲ್ಲ. ಶೋನಾ ಭಾಷೆಯಲ್ಲಿ ಜನ ಮೊದಲೇ ಆಡುತ್ತಿದ್ದ ‘ಕುಫುಂಗಿಸಿಸಾ’, ಎಂದರೆ ಅತಿಯಾಗಿ ಯೋಚಿಸುವುದು, ಎಂಬ ಮಾತಿನಿಂದಲೇ ಹೊರಟರು. ಜನರ ಮಾತಿನಿಂದ ಹೊರಟದ್ದರಿಂದ ಜನ ಬಂದರು. ‘ಜೀವಾನ ಬ್ಯಾಸರ’ ನಮ್ಮ ಕುಫುಂಗಿಸಿಸಾ. ಅದನ್ನು ‘ಕಂಟಾಳಾ’ ಎಂದು ಅನುವಾದಿಸಿದ ನಾನು ಈ ವಾಕ್ಯವನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಎಡಪಂಥದ ಗೆಳೆಯರ ಆಕ್ಷೇಪ ಬೇರೆ: ಕೂಲಿಗೆ ಬೇಕಾದದ್ದು ಕೂಲಿ, ಸೂರು, ಬಡತನದ ಸಂಕಟಕ್ಕೆ ರೋಗದ ಹೆಸರಿಟ್ಟು ಸಮಾಧಾನ ಹೇಳುವುದು ವ್ಯವಸ್ಥೆಯ ಹುನ್ನಾರ. ಈ ಮಾತಿನ ಅರ್ಧಭಾಗವನ್ನು ನಾನು ಒಪ್ಪುತ್ತೇನೆ. ಆದರೆ ಬೆಳಗ್ಗೆ ಎದ್ದು ನಿಲ್ಲಲಾರದವನು ಸಂಘಟನೆಗೂ ಬರಲಾರ. ಅಲ್ಲದೆ ಈ ನ್ಯಾಯದ ಪ್ರಶ್ನೆಯನ್ನು ಆಶಾ ಕಾರ್ಯಕರ್ತೆಯಿಂದಲೇ ಆರಂಭಿಸಬಹುದಲ್ಲ? ಆಕೆಯನ್ನು ಸರಕಾರ ಸ್ವಯಂಸೇವಕಿ ಎಂದು ಕರೆದು ಗೌರವಧನ, ಪ್ರೋತ್ಸಾಹಧನಗಳಲ್ಲಿ ಮುಗಿಸುತ್ತದೆ. 2024ರ ಫೆಬ್ರವರಿಯಲ್ಲಿ ಆಕೆ ಮುಂಬಯಿಯ ಆಝಾದ್ ಮೈದಾನದಲ್ಲಿ ಕುಳಿತಳು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತಳು. ಲಸಿಕೆ, ಹೆರಿಗೆ, ಕ್ಷಯ, ಸಮೀಕ್ಷೆಗಳ ಮೇಲೆ ಈಗ ಪರರ ದುಃಖವನ್ನೂ ಆಕೆಯ ಹೆಗಲಿಗೇರಿಸುವ ಪ್ರಭುತ್ವ ಆಕೆಯ ದುಃಖವನ್ನು ಕೇಳಲು ಯಾರನ್ನು ನೇಮಿಸಿದೆ?

*

ಇನ್ನು ನಮ್ಮ ಸರದಿ. 1901ರಿಂದ ಥಾಣೆಯಲ್ಲಿ ದೊಡ್ಡ ಮನೋರೋಗಾಲಯವಿದೆ, 1990ರಿಂದ ಡಾ. ಆನಂದ ನಾಡಕರ್ಣಿಯವರ ಮನೋಆರೋಗ್ಯ ಸಂಸ್ಥೆ ಇದೇ ಊರಿನಲ್ಲಿ ಕೆಲಸ ಮಾಡುತ್ತಿದೆ. ಬೆನ್ನಿಗೆ ನಿಲ್ಲಬಲ್ಲ ಜ್ಞಾನಕ್ಕೆ ಇಲ್ಲಿ ಬರವಿಲ್ಲ. ಅಲ್ಲಿಂದ ದಿವಾದ ಚಾಳಿಗೆ, ತಳೋಜದ ಕಾರ್ಖಾನೆಯ ಗೇಟಿಗೆ ದಾರಿ ಇಲ್ಲ. ಆ ದಾರಿಯಲ್ಲಿ ಭಾಷೆಯ ಪಾಲನ್ನು ಹಾಕಬೇಕಾದವರು ನಾವು. ಕಂಗೆಟ್ಟವರು ಇಂದಿಗೂ ಕಲ್ಯಾಣದ ಬಳಿಯ ಹಾಜಿ ಮಲಂಗ್ ಬೆಟ್ಟ ಹತ್ತುತ್ತಾರೆ, ಊರಿನ ದೈವದ ಮುಂದೆ ನಿಲ್ಲುತ್ತಾರೆ. ನಾವು ಅದನ್ನು ಮೂಢನಂಬಿಕೆ ಎಂದು ಹಳಿಯುತ್ತೇವೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಕೇಳಿಸಿಕೊಳ್ಳುವವರು ಬೇರೆಲ್ಲಿ ಇದ್ದರು ಎಂದು ನಾವು ಕೇಳಿಕೊಂಡಿಲ್ಲ.

ಮುಂಬಯಿ ಕನ್ನಡಿಗರಿಗೆ ತಜ್ಞರಲ್ಲದವರ ಸೇವೆ ಹೊಸದೇನಲ್ಲ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ಈ ಮಹಾನಗರದಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆದವು. ಹಗಲು ಕಚೇರಿ, ಬ್ಯಾಂಕುಗಳಲ್ಲಿ ದುಡಿದವರು ಸಂಜೆ ಅಲ್ಲಿ ಮೇಷ್ಟರಾದರು. ಅಲ್ಲಿ ಕಲಿತವರೇ ಇಂದಿನ ಎಷ್ಟೋ ಉದ್ಯಮಿಗಳು, ವಕೀಲರು, ನಮ್ಮ ಸಂಘಗಳ ಅಧ್ಯಕ್ಷರು. ಅಂದು ನಮ್ಮ ಹಿರಿಯರು ಒಂದು ದಿನದ ‘ಅಕ್ಷರ ಜಾಗೃತಿ’ ಸಭೆ ನಡೆಸಿ ಶಾಲು ಹೊದಿಸಿ ಸುಮ್ಮನಾಗಿದ್ದರೆ ಈ ಪತ್ರಿಕೆಗೆ ಓದುಗರಿರುತ್ತಿದ್ದರೆ?

ಆದ್ದರಿಂದ ಕೆಲವು ನೇರ ಸೂಚನೆಗಳು. ಪ್ರತಿ ಸಂಘವೂ ತನ್ನ ಬಡಾವಣೆಯಿಂದ ನಾಲ್ಕೈದು ಜನರನ್ನು ಆರಿಸಲಿ. ಪದವಿಯನ್ನು ನೋಡದೆ, ಕೇಳಿಸಿಕೊಳ್ಳುವ ತಾಳ್ಮೆಯನ್ನೂ ಗುಟ್ಟು ಕಾಯುವ ಗುಣವನ್ನೂ ನೋಡಿ. ಕರಾವಳಿಯವರಷ್ಟೇ ಸಾಲದು, ವಿಜಯಪುರ, ಕಲಬುರಗಿಯವರು, ತುಳು, ಲಂಬಾಣಿ ಆಡುವವರು ಬೇಕು. ಅವರ ತರಬೇತಿ ತಿಂಗಳುಗಟ್ಟಲೆ ನಡೆಯಲಿ. ಮುಗಿದ ಮೇಲೂ ಹದಿನೈದು ದಿನಕ್ಕೊಮ್ಮೆ ತಜ್ಞರೊಬ್ಬರ ಮುಂದೆ ಕುಳಿತು ಕಂಡದ್ದನ್ನು, ತಪ್ಪಿದ್ದನ್ನು ಹೇಳಿಕೊಳ್ಳಲಿ. ಥಾಣೆ, ಕಲ್ಯಾಣ–ಡೊಂಬಿವಲಿ, ನವಿ ಮುಂಬಯಿ ಮಹಾನಗರಪಾಲಿಕೆಗಳ ಆರೋಗ್ಯ ಕೇಂದ್ರಗಳೊಂದಿಗೆ ಇವರನ್ನು ಜೋಡಿಸಲು ನಾವು ಒಟ್ಟಾಗಿ ಮನವಿ ಕೊಡೋಣ. ಔಷಧಿ ಸದಾ ದೊರೆಯುವಂತೆ ಪಟ್ಟುಹಿಡಿಯೋಣ. ಪಠ್ಯಕ್ಕಾಗಿ ನಿಮ್ಹಾನ್ಸಿಗೆ ಬರೆಯೋಣ. ಪ್ರಯಾಣದ ಖರ್ಚು, ಗೌರವಯುತ ಸಂಭಾವನೆ ಸಂಘದ ಬೊಕ್ಕಸದಿಂದ ಹೋಗಲಿ. ವರ್ಷಕ್ಕೆ ಎರಡು ಸನ್ಮಾನಗಳು ಕಡಿಮೆಯಾದರೆ ಕನ್ನಡಕ್ಕೆ ನಷ್ಟವಾಗದು.

ಕನ್ನಡ ಉಳಿಯಬೇಕೆಂದು ನಾವು ಪ್ರತಿ ನವೆಂಬರಿನಲ್ಲಿ ಕೂಗುತ್ತೇವೆ. ಕನ್ನಡ ಆಡುವವರು ಉಳಿಯಬೇಕೆಂಬುದು ಅದಕ್ಕಿಂತ ಮೊದಲಿನ ಮಾತು. ಇಷ್ಟೆಲ್ಲ ಈ ವರ್ಷವೇ ಆಗದಿದ್ದರೆ, ಮುಂದಿನ ಆಮಂತ್ರಣ ಪತ್ರಿಕೆಯ ಬೆನ್ನ ಮೇಲೆ 14416 ಎಂಬ ಸಂಖ್ಯೆಯನ್ನಾದರೂ ಕನ್ನಡದಲ್ಲಿ ಎರಡು ಸಾಲಿನ ವಿವರದೊಂದಿಗೆ ಅಚ್ಚು ಹಾಕಿಸಿ, ಹೋಟೆಲಿನ ಅಡುಗೆಮನೆಗೂ ಕಟ್ಟಡ ಕೆಲಸದ ಜಾಗಕ್ಕೂ ಹಂಚಿರಿ. ಹಂಚುವಾಗ ಒಂದು ಗಳಿಗೆ ನಿಲ್ಲಿರಿ. ಎದುರಿಗಿರುವವರು “ಬ್ಯಾಸರಾಗೇತ್ರಿ” ಎಂದರೆ ಅನುವಾದ ಮಾಡಲು ಹೋಗಬೇಡಿ, ಮುಂದಿನ ಪ್ರಶ್ನೆಯನ್ನು ಕೇಳಿರಿ.